ಪಾಯದಲ್ಲಿ ಸಿಕ್ಕ ಬಂಗಾರ

ನಕಲಿ ಬಂಗಾರದ ನಾಣ್ಯದ ವಂಚನೆಯಲ್ಲಿ ಮೊದಲು ಕೈಗೆ ಬರುವ ನಾಣ್ಯ ನಕಲಿಯಲ್ಲ, ಅಪ್ಪಟ ಬಂಗಾರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಠಾಣೆಗಳಲ್ಲಿ ವರ್ಷಗಳಿಂದ ದಾಖಲಾಗುತ್ತ ಬಂದಿರುವ ಈ ಬಗೆಯ ಪ್ರಕರಣಗಳಲ್ಲಿ ದೂರು ಕೊಟ್ಟವರು ಹೆಚ್ಚಾಗಿ ಹೊರಗಿನವರು. ಬೆಂಗಳೂರಿನಿಂದ, ಆಂಧ್ರದಿಂದ, ತಮಿಳುನಾಡಿನಿಂದ ಬಂದವರು. ಸೂಳೆಕೆರೆಯನ್ನೋ ಸಂತೇಬೆನ್ನೂರಿನ ಪುಷ್ಕರಣಿಯನ್ನೋ ನೋಡಲು ಬಂದವರಲ್ಲ. ಒಂದು ಫೋನ್ ಕರೆ ನಂಬಿ, ನೋಟಿನ ಚೀಲ ಹಿಡಿದು ಬಂದವರು.

ಕಥೆ ಶುರುವಾಗುವುದು ಈ ಊರುಗಳಲ್ಲಲ್ಲ. ದೇವಸ್ಥಾನದ ಸಾಲಿನಲ್ಲೋ ಬಸ್ಸಿನಲ್ಲೋ ಹೋಟೆಲಿನ ಬೆಂಚಿನ ಮೇಲೋ ಒಬ್ಬ ಸಾಧು ಮನುಷ್ಯ ಪರಿಚಯವಾಗುತ್ತಾನೆ. ಕೂಲಿ ಕೆಲಸದವನು, ಮಾತು ಕಡಿಮೆ. ನಂಬರು ಕೇಳಿ ಬರೆದುಕೊಳ್ಳುತ್ತಾನೆ. ಕೆಲವು ವಾರ ಬಿಟ್ಟು ಫೋನು: "ಅಣ್ಣಾ, ನಮ್ಮಜ್ಜನ ಹಳೇ ಮನಿ ಪಾಯ ತೆಗೆಯೋವಾಗ ಒಂದು ತಂಬಿಗಿ ಸಿಕ್ಕೈತಿ. ಬಂಗಾರದ ನಾಣ್ಯ ಅದಾವು. ಇಲ್ಲಿ ಮಾರಿದ್ರೆ ಪೊಲೀಸ್ರಿಗೆ ಗೊತ್ತಾಗುತ್ತೆ. ನಿಮ್ಮ ಬಿಟ್ರೆ ನನಗೆ ದೊಡ್ಡೋರು ಯಾರೂ ಗೊತ್ತಿಲ್ಲ."

ಈ ನಾಲ್ಕು ಮಾತಿನಲ್ಲಿ ಒಂದೂ ವ್ಯರ್ಥವಲ್ಲ. ಇದು ಪಾಳೆಯಗಾರರ ನಾಡು. ಚನ್ನಗಿರಿಯಲ್ಲಿ ಕೋಟೆಯಿದೆ, ಸಂತೇಬೆನ್ನೂರಿನಲ್ಲಿ ಹನುಮಪ್ಪ ನಾಯಕನ ಕಾಲದ ಕೊಳವಿದೆ, ಜಗಳೂರಿಗೆ ಚಿತ್ರದುರ್ಗ ಪಕ್ಕದಲ್ಲೇ. ನೆಲದಡಿ ನಿಧಿಯಿದೆ ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ; ಅದೇ ಆಸೆಗೆ ಪಾಳು ಗುಡಿಗಳ ಬುಡ ಅಗೆಯುವವರೂ ಇದ್ದಾರೆ. ಪೊಲೀಸರ ಹೆದರಿಕೆ ಕಡಿಮೆ ಬೆಲೆಗೆ ಕಾರಣ ಒದಗಿಸುತ್ತದೆ. ಕೊನೆಯ ಮಾತು ಕೇಳುವವನ ದೊಡ್ಡಸ್ತಿಕೆಯನ್ನು ತಟ್ಟುತ್ತದೆ. ಓದಿದವರೂ ವ್ಯಾಪಾರಸ್ಥರೂ ಬೀಳುವುದು ಈ ಕೊನೆಯ ಮಾತಿಗೇ ಇರಬೇಕು.

ಮುಂದಿನದು ಪರೀಕ್ಷೆ. ಕರೆಸಿ ಒಂದೋ ಎರಡೋ ನಾಣ್ಯ ಕೊಟ್ಟು, "ನಿಮ್ಮೂರಾಗ ತೋರಿಸ್ಕೊಂಡು ಬರ್ರಿ, ಆಮೇಲೆ ಮಾತಾಡಣ" ಎನ್ನುತ್ತಾರೆ. ದುಡ್ಡು ಕೇಳುವುದಿಲ್ಲ. ಅಕ್ಕಸಾಲಿ ಒರೆಗಲ್ಲಿಗೆ ಉಜ್ಜಿ ಬಂಗಾರವೇ ಎನ್ನುತ್ತಾನೆ. ಅವನ ಮಾತು ನಿಜ, ಆದರೆ ಅದು ಆ ಒಂದು ನಾಣ್ಯದ ಮಟ್ಟಿಗೆ ಮಾತ್ರ. ಚನ್ನಗಿರಿಯಲ್ಲಿ ಅಡಿಕೆ ಕೊಳ್ಳುವವನು ಮಾರುವವನ ಅಂಗೈ ಮೇಲಿನ ನಾಲ್ಕು ಅಡಿಕೆ ನೋಡಿ ಚೀಲಕ್ಕೆ ಬೆಲೆ ಕಟ್ಟುವುದಿಲ್ಲ. ಚೀಲದೊಳಗೆ ತಾನೇ ಕೈ ಹಾಕಿ ಹಿಡಿ ತೆಗೆಯುತ್ತಾನೆ. ನಾಣ್ಯಕ್ಕೆ ಬಂದವನಿಗೆ ಆ ಅವಕಾಶ ಸಿಗುವುದಿಲ್ಲ. ಮಾದರಿಯನ್ನು ಆರಿಸಿ ಕೊಡುವವನು ಮಾರುವವನೇ.

ಲೋಹದ ಲೆಕ್ಕ ಸುಲಭ. ಬಂಗಾರ ನೀರಿಗಿಂತ ಹತ್ತೊಂಬತ್ತು ಪಟ್ಟಿಗೂ ಹೆಚ್ಚು ಭಾರ, ಹಿತ್ತಾಳೆ ಎಂಟೂವರೆ ಪಟ್ಟಿನ ಆಸುಪಾಸು. ಒಂದು ಕೆ.ಜಿ. ಬಂಗಾರ ಸುಮಾರು 52 ಮಿಲಿಲೀಟರ್ ಜಾಗ ಹಿಡಿಯುತ್ತದೆ, ಚಿಕ್ಕ ಕಾಫಿ ಲೋಟದಲ್ಲಿ ಕೂರುವಷ್ಟು. ಅಷ್ಟೇ ತೂಕದ ಹಿತ್ತಾಳೆಗೆ ಅದರ ಎರಡರಷ್ಟಕ್ಕೂ ಹೆಚ್ಚು ಜಾಗ ಬೇಕು. ತಕ್ಕಡಿ ಮತ್ತು ನೀರಿನ ಅಳತೆ ಲೋಟ ಇದ್ದರೆ ಐದು ನಿಮಿಷದ ಕೆಲಸ. ಆದರೆ ಕತ್ತಲಲ್ಲಿ, ಭದ್ರಾ ನಾಲೆಯ ಏರಿ ಮೇಲೆ ನಿಂತವನಿಗೆ ಅಳತೆ ಲೋಟ ಎಲ್ಲಿಂದ ಬರಬೇಕು?

ಜಾಗ ಗೊತ್ತು ಮಾಡುವುದರಲ್ಲೇ ಮೋಸದ ಅರ್ಧ ಕೆಲಸ ಮುಗಿದಿರುತ್ತದೆ. ಮೊದಲು ಬಸ್ ನಿಲ್ದಾಣಕ್ಕೆ ಬನ್ನಿ ಎನ್ನುತ್ತಾರೆ. ಅಲ್ಲಿಗೆ ಹೋದರೆ ಇನ್ನೊಂದು ಕ್ರಾಸು, ಆಮೇಲೆ ಬೈಕು, ಕೊನೆಗೆ ಅಡಿಕೆ ತೋಟ ಅಥವಾ ಜಗಳೂರು ಕಡೆಯ ಬಯಲು ಹೊಲ. ಜೊತೆಗೆ ಬಂದವರನ್ನು ದಾರಿಯಲ್ಲೇ ನಿಲ್ಲಿಸುತ್ತಾರೆ. ಬಟ್ಟೆಯಲ್ಲಿ ಹೊಲಿದ ಗಂಟು ಕೈಗೆ ಬರುವಾಗ ಯಾರೋ "ಪೊಲೀಸ್ರು ಬಂದ್ರು, ಓಡ್ರಿ" ಎಂದು ಕೂಗುತ್ತಾರೆ. ಕೊಂಡವನೂ ಮಾರಿದವನೂ ಬೇರೆ ಬೇರೆ ದಿಕ್ಕಿಗೆ ಓಡುತ್ತಾರೆ. ಗಂಟು ಬಿಚ್ಚುವುದು ಲಾಡ್ಜಿನಲ್ಲೋ ಊರು ದಾಟಿದ ಮೇಲೋ. ಕೆಲವು ಸಲ ಗಂಟೇ ಇರುವುದಿಲ್ಲ, ಹೊಡೆದು ಹಣ ಕಿತ್ತುಕೊಳ್ಳುತ್ತಾರೆ. ಐದು ಅಥವಾ ಹೆಚ್ಚು ಜನ ಸೇರಿ ಹೀಗೆ ಮಾಡಿದರೆ ಕಾನೂನಿನಲ್ಲಿ ಅದು ಡಕಾಯಿತಿ.

ದೊಡ್ಡ ನಗರಗಳ ಮೋಸವೂ ಇದೇ ಅಚ್ಚಿನದು. ಪ್ಯಾರಿಸಿನ ಸೇನ್ ನದಿಯ ದಂಡೆಯಲ್ಲಿ ಪ್ರವಾಸಿಗನ ಕಾಲ ಬಳಿ ಯಾರೋ ಬಗ್ಗಿ ಉಂಗುರ ಎತ್ತಿ, "ನಿಮ್ಮದೇ?" ಎಂದು ಕೇಳುತ್ತಾರೆ, ಅಲ್ಲವೆಂದರೆ ನೀವೇ ಇಟ್ಟುಕೊಳ್ಳಿ ಎಂದು ಕೊಟ್ಟು, ಆಮೇಲೆ ಕಾಸು ಬೇಡುತ್ತಾರೆ. ಉಂಗುರ ಹಿತ್ತಾಳೆಯದು. ಅಲ್ಲಿ ಹೋಗುವುದು ಹತ್ತಿಪ್ಪತ್ತು ಯೂರೊ, ಇಲ್ಲಿ ಲಕ್ಷಗಳು. ಪ್ಯಾರಿಸಿನ ಮೋಸಗಾರ ಒಂದು ಅಸಲಿ ಉಂಗುರಕ್ಕೂ ಬಂಡವಾಳ ಹಾಕುವುದಿಲ್ಲ. ಆ ಲೆಕ್ಕದಲ್ಲಿ ಇಲ್ಲಿಯವರು ಹೆಚ್ಚು ದೂರ ನೋಡುವವರು.

ಮೋಸ ಹೋದವನ ಬಾಯಿಗೆ ಬೀಗ ಹಾಕುವುದು ಕಾನೂನಿನ ಭಯ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬುದು ಬ್ರಿಟಿಷರ 1878ರ ಕಾಯ್ದೆಯಿಂದ ಬಂದ ನಿಯಮ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯಿದೆ. ಅಂದರೆ ತಂಬಿಗೆಯ ಕಥೆ ನಿಜವಾಗಿದ್ದರೂ ಆ ವ್ಯಾಪಾರ ಸಲ್ಲದು. ಇದು ಕೊಳ್ಳಲು ಬಂದವನಿಗೂ ಒಳಗೊಳಗೆ ಗೊತ್ತು. ನಗದು ಎಲ್ಲಿಂದ ಬಂತು ಎಂದು ಕೇಳಿದರೆ ಏನು ಹೇಳುವುದು ಎಂಬ ಅಳುಕು ಬೇರೆ. ಹೀಗಾಗಿ ಠಾಣೆಗೆ ಬರುವ ಪ್ರಕರಣಗಳಿಗಿಂತ ಬಾರದವೇ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ಆದರೂ ದೂರು ಕೊಡುವುದೇ ಸರಿ, ಅದೂ ತಡ ಮಾಡದೆ. ಸ್ಥಳದಲ್ಲೇ ಅಪಾಯವಿದ್ದರೆ 112. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 420ರ ಜಾಗದಲ್ಲಿರುವುದು 318ನೆಯ ಕಲಂ. ಶಿಕ್ಷೆ ಏಳು ವರ್ಷದವರೆಗೂ ಇದೆ. ಹಣ ಕೊಟ್ಟ ಜಾಗ ಯಾವ ಠಾಣೆಯ ಸರಹದ್ದು ಎಂದು ಹೊರಗಿನವನಿಗೆ ತಿಳಿಯದಿದ್ದರೂ ಚಿಂತೆಯಿಲ್ಲ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಕರೆ ಬಂದ ನಂಬರು, ಬೈಕಿನ ನಂಬರು, ಮಾತಿನ ರೆಕಾರ್ಡಿಂಗು ಅಳಿಸದೆ ಇಟ್ಟಿರಬೇಕು. ನಾಚಿಕೆಗೆ ಗಂಟನ್ನು ನಾಲೆಗೆ ಎಸೆದರೆ ಸಾಕ್ಷ್ಯವೂ ನೀರುಪಾಲು. ಪೊಲೀಸರು ಮಹಜರು ಮಾಡಿ ಮುದ್ದೆಮಾಲಿಗೆ ಸೇರಿಸಿಕೊಳ್ಳುವಾಗ ಹಿತ್ತಾಳೆಯ ಗಂಟಿನ ಜೊತೆ ಪರೀಕ್ಷೆಗೆಂದು ಕೊಟ್ಟಿದ್ದ ಆ ಅಸಲಿ ನಾಣ್ಯವನ್ನೂ ಒಪ್ಪಿಸಬೇಕಾಗುತ್ತದೆ.