ಮೊಬೈಲ್ ಗೋಪುರದ ತರಂಗಗಳನ್ನು ಅಳೆಯುವ ಬಗೆ

ಮುದನಾಳದಂಥ ಊರಿನಲ್ಲಿ ಮೊಬೈಲ್ ಗೋಪುರವು ಎದ್ದರೆ ಅದರ ಬುಡದ ಮನೆಯವರೇ ಹೆಚ್ಚಾಗಿ ಅಂಜುವರು. ನಾವು ವಿಚಾರಿಸಿ ನೋಡಿದರೆ ಸಂಗತಿಯು ಬೇರೆಯಾಗಿರುವದು. ಆಂಟೆನಾವು ಬ್ಯಾಟರಿದೀಪದ ಬೆಳಕಿನಂತೆ ತರಂಗಗಳನ್ನು ಮುಂದಕ್ಕೆ, ತುಸುವೇ ಕೆಳಬಾಗಿಸಿ ಕಳುಹಿಸುವದರಿಂದ ಬುಡದಲ್ಲಿ ಅವು ಕ್ಷೀಣವಾಗಿರುವವು. ಎದುರಿನ ಎತ್ತರದ ಮಾಳಿಗೆಯ ಮೇಲೆ ಹೆಚ್ಚಾಗಿರಬಹುದು. ಆ ನೇರದಲ್ಲಿ ದೂರವು ಇಮ್ಮಡಿಯಾದರೆ ಬಲವು ಕಾಲುಭಾಗಕ್ಕೆ ಇಳಿಯುವದು. ಆದಕಾರಣ ಕಣ್ಣಂದಾಜು ಸಾಲದು. ಜನರು ನಿಲ್ಲುವ, ಮಲಗುವ ಸ್ಥಳದಲ್ಲಿಯೇ ಯಂತ್ರವನ್ನಿಟ್ಟು ಕೆಲವು ನಿಮಿಷಗಳ ಸರಾಸರಿಯನ್ನು ತೆಗೆಯಬೇಕು.

2012ರ ಸೆಪ್ಟೆಂಬರ್ 1ರಿಂದ ಭಾರತ ಸರಕಾರವು 900 ಮೆಗಾಹರ್ಟ್ಸ್ ತರಂಗಗಳಿಗೆ ಚದರ ಮೀಟರಿಗೆ 4.5 ವ್ಯಾಟ್ ಇದ್ದ ಮಿತಿಯನ್ನು 0.45 ವ್ಯಾಟಿಗೆ ಇಳಿಸಿತು. 2017ರಲ್ಲಿ ‘ತರಂಗ ಸಂಚಾರ’ವೆಂಬ ಜಾಲತಾಣವನ್ನು ತೆರೆದು, ಬೇಡಿದವರ ಮನೆಯ ಬಳಿಯಲ್ಲಿ ಅಳೆಯಿಸುವ ಏರ್ಪಾಡನ್ನೂ ಮಾಡಿತು. ಆಗ ಗೊತ್ತುಮಾಡಿದ ಶುಲ್ಕವು 4000 ರೂಪಾಯಿ. ಕೂಲಿಯಿಂದ ಬಾಳುವ ಮನೆಗೆ ಇದು ಸಣ್ಣ ಮೊತ್ತವಲ್ಲ.