ಪಿಕಪ್‌ಗೆ ಮನೆಯಲ್ಲೇ ಕಮಾನು ಕವರ್: ತರಕಾರಿ ನೆನೆಯಲೂಬಾರದು, ಬೇಯಲೂಬಾರದು

ಟೊಮೆಟೊ ಬೆಳೆಯೋಕೆ ಮೂರು ತಿಂಗಳು ನಿದ್ದೆಗೆಡುವ ನಾವು, ಅದು ತೋಟದಿಂದ ಮಂಡಿಗೆ ಹೋಗುವ ಎರಡು ಮೂರು ಗಂಟೆ ಬಗ್ಗೆ ಅಷ್ಟಾಗಿ ಯೋಚನೆ ಮಾಡಲ್ಲ. ಆದರೆ ಹರಾಜಿನಲ್ಲಿ ವ್ಯಾಪಾರಿ ನೋಡೋದು ಬಾಕ್ಸಿನೊಳಗೆ ಆ ಹೊತ್ತಿಗೆ ಏನಿದೆ ಅನ್ನೋದನ್ನ. ಸೊಪ್ಪು ಬಾಡಿದ್ದರೆ, ಹಣ್ಣು ಒದ್ದೆಯಾಗಿದ್ದರೆ ರೇಟು ಅಲ್ಲೇ ಇಳಿಯುತ್ತೆ. ನಾನು ಕೋಲಾರ ಮತ್ತು ಚಿಂತಾಮಣಿ ಮಂಡಿಗಳಿಗೆ ಮಾಲು ಹಾಕುವವನು. ನನ್ನ ಪಿಕಪ್‌ಗೆ ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಕೊಂಡ, ಬೇಕಾದಾಗ ಬಿಚ್ಚಿಡಬಹುದಾದ ಕಮಾನು ಕವರಿನ ಅಳತೆ, ಸಾಮಾನು, ಕಟ್ಟುವ ಕ್ರಮ ಎಲ್ಲವನ್ನೂ ಈ ವಾರ ಹೇಳ್ತೀನಿ.

ಟಾರ್ಪಾಲ್ ಹೊದಿಸಿ ಹಗ್ಗ ಕಟ್ಟಿದರೆ ಸಾಲದೇ?

ಸಾಲದು. ಕೊಯ್ದ ಮೇಲೂ ತರಕಾರಿ ಉಸಿರಾಡುತ್ತೆ, ಉಸಿರಾಡುವಾಗ ಬಿಸಿ ಮತ್ತು ತೇವ ಬಿಡುತ್ತೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಉಸಿರಾಟ ಸುಮಾರು ಎರಡರಿಂದ ಮೂರು ಪಟ್ಟಾಗುತ್ತೆ. ಟಾರ್ಪಾಲನ್ನು ಮಾಲಿನ ಮೇಲೇ ಬಿಗಿದು ಕಟ್ಟಿದರೆ ಮೇಲಿನಿಂದ ಬಿಸಿಲಿನ ಶಾಖ, ಒಳಗಿನಿಂದ ಮಾಲಿನ ಶಾಖ. ಎರಡೂ ಸೇರಿ ಬೀನ್ಸು, ಕೊತ್ತಂಬರಿ ದಾರಿಯಲ್ಲೇ ಬೆಂದ ಹಾಗಾಗುತ್ತವೆ. ಕಪ್ಪು ಟಾರ್ಪಾಲ್ ಆದರೆ ಇನ್ನೂ ಜಾಸ್ತಿ.

ಮಳೆಯಲ್ಲಿ ಬೇರೆ ತೊಂದರೆ. ಸಪಾಟಾಗಿ ಕಟ್ಟಿದ ಟಾರ್ಪಾಲಿನ ಗುಂಡಿಯಲ್ಲಿ ನೀರು ನಿಲ್ಲುತ್ತೆ. ಒಂದು ಚದರ ಮೀಟರ್ ಜಾಗದಲ್ಲಿ 5 ಸೆಂ.ಮೀ. ನೀರು ನಿಂತರೆ 50 ಕೆ.ಜಿ. ಭಾರ. ಅದು ಮೇಲಿನ ಸಾಲಿನ ಹಣ್ಣನ್ನು ಒತ್ತುತ್ತೆ, ತೂತಿದ್ದರೆ ಒಳಗೆ ಸುರಿಯುತ್ತೆ.

ಹಾಗಾಗಿ ನಮ್ಮ ಕವರ್ ಮೂರು ಕೆಲಸ ಮಾಡಬೇಕು: ಮಾಲಿಗೂ ಟಾರ್ಪಾಲಿಗೂ ನಡುವೆ ಗಾಳಿ ಜಾಗ ಬಿಡಬೇಕು, ನೀರು ಜಾರಿಸಬೇಕು, ಒಳಗಿನ ಬಿಸಿ ಹೊರಗೆ ಬಿಡಬೇಕು.

ಬೇಕಾಗುವ ಸಾಮಾನು

ನಾನು ಹೇಳುವ ಲೆಕ್ಕ ಒಳಗಿನ ಅಳತೆ 8 ಅಡಿ ಉದ್ದ, 5.5 ಅಡಿ ಅಗಲ ಇರುವ ಗಾಡಿಗೆ. ನಿಮ್ಮ ಗಾಡಿಯನ್ನು ಟೇಪು ಹಿಡಿದು ಅಳೆದು, ಟೇಪಿನ ಸಮೇತ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಶಾಪಿನಲ್ಲಿ ವಾದ ಬರಲ್ಲ.

• ಮುಕ್ಕಾಲು ಇಂಚಿನ ಜಿಐ ಪೈಪು, 20 ಅಡಿಯ 2 (ಕಮಾನಿಗೆ)
• ಒಂದು ಇಂಚಿನ ಜಿಐ ಪೈಪು, 20 ಅಡಿಯ 1 (ಕಂಬಕ್ಕೆ)
• ಅರ್ಧ ಇಂಚಿನ ಜಿಐ ಪೈಪು, 20 ಅಡಿಯ 2 (ಉದ್ದದ ಕಡ್ಡಿಗೆ)
• ಒಂದು ಇಂಚಿನ ಚೌಕ ಪೈಪು, 20 ಅಡಿಯ 1 (ತಳಕ್ಕೆ)
• ಕಬ್ಬಿಣದ ಪಟ್ಟಿ 11 ಅಡಿ (ತಳದ ಅಡ್ಡಕ್ಕೆ)
• 12×15 ಅಡಿ ಟಾರ್ಪಾಲ್, 250 ಜಿಎಸ್‌ಎಂ, ಹೊರಮೈ ಬಿಳಿ ಅಥವಾ ಬೆಳ್ಳಿ ಬಣ್ಣ
• 50% ನೆರಳು ಪರದೆ (ಶೇಡ್ ನೆಟ್), ಅದೇ ಅಳತೆ
• 8 ಎಂ.ಎಂ. ಬೋಲ್ಟು ಮತ್ತು ನೈಲಾಕ್ ನಟ್ಟು ತಲಾ 8, ಯು ಕ್ಲಾಂಪು 12, ಬಿಗಿಯುವ ಬೆಲ್ಟು 4

ಪೈಪನ್ನು ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ ಮಾರ್ತಾರೆ. ಕಬ್ಬಿಣ ಒಟ್ಟು 50 ಕೆ.ಜಿ. ಆಸುಪಾಸು ಆಗುತ್ತೆ, ನಿಮ್ಮ ಊರಿನ ದರಕ್ಕೆ ಗುಣಿಸಿಕೊಳ್ಳಿ. ಟಾರ್ಪಾಲ್, ಪರದೆ ಎಲ್ಲ ಸೇರಿ 60 ಕೆ.ಜಿ. ಅಂದರೆ 15 ಕೆ.ಜಿ.ಯ ನಾಲ್ಕು ಟೊಮೆಟೊ ಬಾಕ್ಸಿನ ಭಾರ. ಲೋಡ್ ಮಾಡುವಾಗ ಅಷ್ಟು ಕಡಿಮೆ ಹಾಕಿ.

ಕಟ್ಟುವ ಕ್ರಮ

1. ತಳದ ಚೌಕಟ್ಟು. 8 ಅಡಿಯ ಎರಡು ಚೌಕ ಪೈಪುಗಳನ್ನು ಮುಂದೊಂದು ಹಿಂದೊಂದು ಪಟ್ಟಿ ಹಾಕಿ ಸೇರಿಸಿ. ಇದು ಗಾಡಿಯ ಒಳಗೆ ನೆಲದ ಮೇಲೆ ಕೂರುತ್ತೆ. ಬಾಡಿಗೆ ವೆಲ್ಡಿಂಗೂ ಬೇಡ, ತೂತೂ ಬೇಡ.

2. ಕಂಬಗಳು. ಒಂದು ಇಂಚಿನ ಪೈಪಿನಲ್ಲಿ 2 ಅಡಿಯ ಎಂಟು ತುಂಡು ಮಾಡಿ. ಪ್ರತಿ ಬದಿಗೆ ನಾಲ್ಕು, ಸುಮಾರು 2 ಅಡಿ 8 ಇಂಚಿಗೊಂದರಂತೆ, ನೆಟ್ಟಗೆ ವೆಲ್ಡ್ ಮಾಡಿಸಿ. ನೆಟ್ಟಗಿದೆಯಾ ಅಂತ ಫೋನಿನ ಲೆವೆಲ್ ಆಪ್‌ನಲ್ಲೇ ನೋಡಬಹುದು.

3. ಕಮಾನು. 20 ಅಡಿ ಪೈಪನ್ನು ಅರ್ಧ ಮಾಡಿದರೆ 10 ಅಡಿಯ ಎರಡು ಕಮಾನು ಸಿಗುತ್ತವೆ, ಚೂರೂ ವೇಸ್ಟ್ ಇಲ್ಲ. ಎರಡೂ ತುದಿಯಲ್ಲಿ 2 ಅಡಿ ನೇರ ಕಾಲು, ನಡುವಿನ 6 ಅಡಿ ಬಾಗು. ನಡುವೆ 1 ಅಡಿ ಎತ್ತರ ಬರುತ್ತೆ, ನೀರು ಜಾರಲು ಅಷ್ಟು ಸಾಕು. ಮೂಲೆ ಚೂಪಾಗಿ ಮಡಚಬೇಡಿ, ಪೈಪು ಚಪ್ಪಟೆಯಾಗುತ್ತೆ, ಟಾರ್ಪಾಲೂ ಅಲ್ಲೇ ಹರಿಯುತ್ತೆ. ಮೂಲೆಯ ದುಂಡಗೆ ತಕ್ಕಂತೆ ಅಳತೆ ಒಂದೆರಡು ಇಂಚು ಆಚೀಚೆ ಆಗಬಹುದು. ಅದಕ್ಕೇ ಮೊದಲು ಒಂದೇ ಒಂದು ಕಮಾನು ಬಾಗಿಸಿ ಕೂರಿಸಿ ನೋಡಿ, ಆಮೇಲೆ ಉಳಿದ ಮೂರು.

4. ಜೋಡಣೆ. ಮುಕ್ಕಾಲು ಇಂಚಿನ ಪೈಪು ಒಂದು ಇಂಚಿನದರೊಳಗೆ ಇಳಿಯುತ್ತೆ. ಪೈಪಿನ ದಪ್ಪದ ಮೇಲೆ ಬಿಗಿ ಆಗಬಹುದು, ಅಂಗಡಿಯಲ್ಲೇ ತೂರಿಸಿ ನೋಡಿ ತಗೊಳ್ಳಿ. ಕಾಲು 6 ಇಂಚು ಒಳಗಿರಲಿ. ಎರಡೂ ಪೈಪಿಗೆ ಸೇರಿಸಿ ಅಡ್ಡ ತೂತು ಕೊರೆದು ಬೋಲ್ಟು ಹಾಕಿ. ಈಗ ಬದಿಯಲ್ಲಿ 3.5 ಅಡಿ, ನಡುವೆ 4.5 ಅಡಿ ಎತ್ತರ ಸಿಗುತ್ತೆ. ಒಂದು ಅಡಿ ಎತ್ತರದ ಕ್ರೇಟು ಮೂರು ಸಾಲು ಜೋಡಿಸಿದರೂ ಬದಿಯಲ್ಲಿ ಅರ್ಧ ಅಡಿ ಗಾಳಿ ಜಾಗ ಉಳಿಯುತ್ತೆ.

5. ಉದ್ದದ ಕಡ್ಡಿ. ಅರ್ಧ ಇಂಚಿನ ಪೈಪಿನ 8 ಅಡಿಯ ಮೂರು ತುಂಡನ್ನು ನೆತ್ತಿಗೊಂದು, ಎರಡು ಭುಜಕ್ಕೊಂದೊಂದು ಯು ಕ್ಲಾಂಪಿನಲ್ಲಿ ಬಿಗಿಯಿರಿ. ಬ್ರೇಕ್ ಹಾಕಿದಾಗ ಕಮಾನು ಮುಂದಕ್ಕೆ ವಾಲದಂತೆ ಹಿಡಿಯುವುದು ಇವೇ.

ವೆಲ್ಡಿಂಗ್ ಮಾಡುವಾಗ ಒಂದು ಎಚ್ಚರ. ಜಿಐ ಪೈಪಿನ ಮೇಲಿನ ಸತುವಿನ ಲೇಪ ಸುಟ್ಟರೆ ಬರುವ ಬಿಳಿ ಹೊಗೆ ಕುಡಿದರೆ ಆಮೇಲೆ ಚಳಿಜ್ವರ ಬಂದ ಹಾಗಾಗುತ್ತೆ. ಬೆಸೆಯುವ ಜಾಗದ ಲೇಪವನ್ನು ಮೊದಲು ಉಜ್ಜಿ ತೆಗೆಯಲಿ, ಕೆಲಸ ಬಯಲಲ್ಲಿ ನಡೆಯಲಿ. ಆಮೇಲೆ ಆ ಜಾಗಕ್ಕೆ ರೆಡ್ ಆಕ್ಸೈಡ್ ಹಚ್ಚಿಸಿ.

ಬಿಸಿಲಿಗೊಂದು, ಮಳೆಗೊಂದು

ಮೊದಲು ಕಮಾನಿನ ಮೇಲೆ ನೆರಳು ಪರದೆ, ಅದರ ಮೇಲೆ ಟಾರ್ಪಾಲ್. 12 ಅಡಿ ಅಗಲ ಎರಡೂ ಬದಿಗೆ ಇಳಿದು ಬಾಡಿಯ ಹೊರಗೆ ಒಂದಷ್ಟು ಜೋತಾಡುತ್ತೆ. ಅಂಚು ಬಾಡಿಯ ಒಳಗೆ ಸಿಕ್ಕಿಸಬೇಡಿ, ನೀರೆಲ್ಲ ಒಳಗೇ ಬರುತ್ತೆ.

ಬಿಸಿಲಿದ್ದಾಗ ಟಾರ್ಪಾಲಿನ ಎರಡೂ ಬದಿಯನ್ನು ಒಂದಡಿ ಮೇಲಕ್ಕೆ ಸುತ್ತಿ ಕಟ್ಟಿ. ಪರದೆ ಇರುವುದರಿಂದ ನೆರಳೂ ಸಿಗುತ್ತೆ, ಗಾಳಿಯೂ ಆಡುತ್ತೆ. ಮುಂಭಾಗ ಮಾತ್ರ ಯಾವಾಗಲೂ ಮುಚ್ಚಿರಲಿ, ಎದುರುಗಾಳಿ ನೇರ ಹೊಡೆದರೆ ಸೊಪ್ಪಿನ ತೇವ ಹೀರಿಕೊಂಡು ಹೋಗುತ್ತೆ. ಸೊಪ್ಪಿನ ಮೇಲೆ ಒದ್ದೆ ಗೋಣಿಚೀಲ ಹಾಕಿದರೆ ಇನ್ನೂ ಒಳ್ಳೇದು. ಟೊಮೆಟೊಗೆ ಒದ್ದೆ ಗೋಣಿ ಬೇಡ, ತೊಟ್ಟಿನ ಹತ್ತಿರ ಕೊಳೆ ಶುರುವಾಗುತ್ತೆ.

ಮಳೆ ಬಂದರೆ ಬದಿಗಳನ್ನು ಇಳಿಸಿ ಕಟ್ಟಿ. ಹಿಂಭಾಗದಲ್ಲಿ ಕೆಳಗೆ ಮುಚ್ಚಿ, ನೆತ್ತಿಯ ಹತ್ತಿರ ಅರ್ಧ ಅಡಿ ಬಿಡಿ. ಬಿಸಿಗಾಳಿ ಅಲ್ಲಿಂದ ಹೋಗುತ್ತೆ. ಹಿಂದೆ ಕೆಳಗೂ ತೆರೆದಿದ್ದರೆ ಓಡುವ ಗಾಡಿ ತನ್ನದೇ ಧೂಳು ಮತ್ತು ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತೆ. ಹೊರಡುವ ಮುಂಚೆ ಹವಾಮಾನ ಇಲಾಖೆಯ ಮೇಘದೂತ್ ಆಪ್ ಒಮ್ಮೆ ನೋಡಿಕೊಳ್ಳಿ.

ಗಾಳಿಯನ್ನು ಹಗುರವಾಗಿ ತಗೋಬೇಡಿ

ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟು. ಗಂಟೆಗೆ 40 ಕಿ.ಮೀ.ನಲ್ಲಿ ಒಂದು ಚದರ ಮೀಟರಿಗೆ ಸುಮಾರು 7.5 ಕೆ.ಜಿ. ಇರುವ ಒತ್ತಡ 80ರಲ್ಲಿ 30 ಕೆ.ಜಿ. ಆಗುತ್ತೆ. ಅದಕ್ಕೇ ಕವರಿನ ಎತ್ತರ ಕ್ಯಾಬಿನ್‌ಗಿಂತ ಒಂದಡಿಯ ಮೇಲೆ ಹೋಗದಂತೆ ನೋಡಿಕೊಳ್ಳಿ, ಬೇಕಿದ್ದರೆ ಕಂಬ ಗಿಡ್ಡ ಮಾಡಿ.

ಮಾಲು ತುಂಬಿದಾಗ ತಳದ ಪಟ್ಟಿಯ ಮೇಲೆ ಕ್ರೇಟಿನ ಭಾರ ಇರುತ್ತೆ. ಖಾಲಿ ಬರುವಾಗ ಏನೂ ಇರಲ್ಲ. ಆದ್ದರಿಂದ ನಾಲ್ಕು ಮೂಲೆಯ ಕಂಬಗಳಿಂದ ಬಾಡಿಯ ಹೊರಗಿನ ಹಗ್ಗದ ಕೊಕ್ಕೆಗೆ ಬೆಲ್ಟು ಬಿಗಿದೇ ಇರಲಿ, ಮತ್ತು ವಾಪಸ್ ಬರುವಾಗ ಟಾರ್ಪಾಲ್ ಬಿಚ್ಚಿ ಸುತ್ತಿಡಿ. ನೈಲಾನ್ ಹಗ್ಗ ನೆನೆದರೆ ಸಡಿಲವಾಗುತ್ತೆ. ಹಳೆ ಟ್ಯೂಬಿನ ಪಟ್ಟಿ ಕತ್ತರಿಸಿ ಹಗ್ಗದ ನಡುವೆ ಸೇರಿಸಿದರೆ ಬಿಗಿ ಉಳಿಯುತ್ತೆ. ಟಾರ್ಪಾಲಿನ ಕಣ್ಣು ಕಿತ್ತುಹೋದರೆ ಅಲ್ಲೊಂದು ನುಣ್ಣನೆ ಕಲ್ಲು ಇಟ್ಟು, ಟಾರ್ಪಾಲ್ ಸಮೇತ ಹಿಡಿದು, ಕಲ್ಲಿನ ಕೆಳಗೆ ಹಗ್ಗ ಬಿಗಿಯಿರಿ.

ಆರ್‌ಟಿಒ ಮತ್ತು ಜೀವದ ಮಾತು

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಬಾಡಿಗೇ ವೆಲ್ಡ್ ಮಾಡಿ ಪೂರ್ತಿ ಮುಚ್ಚಿದರೆ ಈ ಪ್ರಶ್ನೆ ಎದ್ದೇ ಏಳುತ್ತೆ. ನಾನು ಬಿಚ್ಚಿಡುವ ಚೌಕಟ್ಟು ಆರಿಸಿಕೊಂಡಿದ್ದಕ್ಕೆ ಇದೂ ಒಂದು ಕಾರಣ. ಆದರೂ ಮಾಡಿಸುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಅಳತೆ ತೋರಿಸಿ ಕೇಳಿ. ಏನೂ ಬಾಡಿಯಿಂದ ಪಕ್ಕಕ್ಕೆ ಚಾಚಬಾರದು. ಮಿತಿ ಮೀರಿ ಚಾಚಿದ ಲೋಡಿಗೆ 20,000 ರೂಪಾಯಿ ದಂಡ ಇದೆ. ನಂಬರ್ ಪ್ಲೇಟು, ಹಿಂದಿನ ದೀಪ ಮುಚ್ಚಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕವರ್ ಬಂದ ಮೇಲೆ ಒಳಗೆ ನೆರಳು ಇರುತ್ತೆ, ಕೊಯ್ಲಿಗೆ ಬಂದ ಅಕ್ಕಂದಿರು "ಹಿಂದೆ ಕೂತ್ಕೋತೀವಿ ಬಿಡಪ್ಪ" ಅಂತಾರೆ. ಬೇಡ ಅನ್ನಿ. ಮುಕ್ಕಾಲು ಇಂಚಿನ ಕಮಾನು ಟಾರ್ಪಾಲನ್ನು ಹಿಡಿಯುತ್ತೆ, ಪಲ್ಟಿಯಾದ ಗಾಡಿಯಲ್ಲಿ ಮನುಷ್ಯರನ್ನು ಹಿಡಿಯಲ್ಲ. ಕವರ್ ಕಟ್ಟಿದ್ದರೆ ಹೊರಗೆ ಹಾರಲೂ ಆಗಲ್ಲ. ಸರಕು ಗಾಡಿಯಲ್ಲಿ ಜನ ಸಾಗಿಸಿದರೆ ವಿಮೆಯೂ ಕೈಕೊಡಬಹುದು. ಅವರಿಗೆ ಆಟೋಗೋ ಬಸ್ಸಿಗೋ ಕಾಸು ಕೊಡಿ, ಅದನ್ನೂ ಕೊಯ್ಲಿನ ಖರ್ಚಿಗೇ ಬರೆದುಕೊಳ್ಳಿ.

ಮಾಡಿಸಿದ ಮೇಲೆ ಮೊದಲ ಸಲ ಖಾಲಿ ಗಾಡಿಯಲ್ಲಿ, ಊರ ಸುತ್ತ 10 ಕಿ.ಮೀ. ನಿಧಾನ ಓಡಿಸಿ, ನಿಲ್ಲಿಸಿ ಎಲ್ಲ ಬೋಲ್ಟು ಕೈಯಿಂದ ಅಲ್ಲಾಡಿಸಿ ನೋಡಿ. ಸಡಿಲ ಆಗಿದ್ದರೆ ಬಿಗಿಯಿರಿ. ಆಮೇಲೆ ಮಾಲು ಹಾಕಿ ಹೊರಡಿ. ಒಳ್ಳೆ ರೇಟು ಸಿಗಲಿ.