ಶಾಲೆ ಮುಚ್ಚಿದ್ದಾಗ ಮನೆಯು ನಮಗೆ ಕಲಿಸಿದ ಪಾಠ

ಶಾಲೆಯ ಬಾಗಿಲು ಮುಚ್ಚಿದರೆ ವಿದ್ಯೆಯೂ ನಿಂತುಹೋಗುವುದೋ, ಅಥವಾ ಅದು ಮನೆಯಲ್ಲಿ ಮುಂದುವರಿಯಬಲ್ಲುದೋ ಎಂಬ ಪ್ರಶ್ನೆಯನ್ನು ಉಪಾಧ್ಯಾಯಿನಿಯರಾದ ನಾವು ತರಬೇತಿಯ ಕಾಲದಲ್ಲಿ ಎಂದೂ ವಿಚಾರಿಸಿರಲಿಲ್ಲ. 2020 ಮತ್ತು 2021ನೆಯ ಇಸವಿಗಳು ಆ ಪ್ರಶ್ನೆಯನ್ನು ನಮ್ಮ ಮುಂದಿಟ್ಟು, ಉತ್ತರವನ್ನೂ ನಮ್ಮಿಂದಲೇ ಬರೆಯಿಸಿದವು. ಆ ಉತ್ತರದಲ್ಲಿ ನಮ್ಮ ತಪ್ಪುಗಳೂ ಸೇರಿವೆ. ಪೂರ್ವ ವಿದ್ಯಾರ್ಥಿನಿಯರೂ ಪೋಷಕರೂ ಓದುವ ಈ ಸಂಚಿಕೆಯಲ್ಲಿ ಅದನ್ನು ಮುಚ್ಚಿಡದೆ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಸಾಂಕ್ರಾಮಿಕ ರೋಗವು ನಮ್ಮ ನಾಡಿಗೆ ಹೊಸತಲ್ಲ. 1918ರ ಇನ್‌ಫ್ಲುಯೆಂಜಾ ಜ್ವರವು ಭಾರತದಲ್ಲಿ ಒಂದು ಕೋಟಿಗೂ ಮೇಲ್ಪಟ್ಟ ಜನರನ್ನು ಆಹುತಿ ತೆಗೆದುಕೊಂಡಿತು. ಆದರೆ 1921ರ ಜನಗಣತಿಯ ಕಾಲಕ್ಕೆ ಈ ದೇಶದ ಸ್ತ್ರೀಯರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಇಬ್ಬರೂ ಇರಲಿಲ್ಲ. ಬಹುಪಾಲು ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲನ್ನೇ ಹತ್ತಿರದಿದ್ದುದರಿಂದ, ಅದು ಮುಚ್ಚಿದಾಗ ಅವರು ಕಳೆದುಕೊಳ್ಳತಕ್ಕದ್ದೂ ಏನಿರಲಿಲ್ಲ. ನೂರು ವರ್ಷಗಳ ಮೇಲೆ ಕೊರೋನಾ ಬಂದಾಗ ನಮ್ಮ ಹುಡುಗಿಯರಿಗೆ ಕಳೆದುಕೊಳ್ಳುವುದಕ್ಕೆ ಬಹಳವಿತ್ತು.

2020ರ ಮಾರ್ಚ್ ತಿಂಗಳ ಮಧ್ಯದಲ್ಲಿ ರಾಜ್ಯದ ಶಾಲೆಗಳು ಮುಚ್ಚಿದವು. 25ನೆಯ ತಾರೀಖಿನಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ಮಾರ್ಚಿಯಲ್ಲಿ ನಡೆಯಬೇಕಾಗಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಜೂನ್ 25ರಂದು ಆರಂಭವಾಯಿತು. ಆ ವರ್ಷ ಜಗತ್ತಿನಲ್ಲಿ ಶಾಲೆ ಬಿಟ್ಟು ಮನೆಯಲ್ಲಿ ಕುಳಿತ ಮಕ್ಕಳ ಸಂಖ್ಯೆ 150 ಕೋಟಿಯನ್ನು ದಾಟಿತೆಂದು ಯುನೆಸ್ಕೋ ಸಂಸ್ಥೆಯು ತಿಳಿಸಿತು. ಆ ದೊಡ್ಡ ಸಂಖ್ಯೆಯೊಳಗೆ ನಮಗೆ ಹೆಸರು ಹಿಡಿದು ಗೊತ್ತಿದ್ದವರು ಕೆಲವರೇ. ಅವರಲ್ಲಿ ಚೆಟ್ಟಳ್ಳಿಯ ಕಡೆಯಿಂದ ಬರುವ ಹುಡುಗಿಯರ ಮಾತನ್ನು ಇಲ್ಲಿ ಹೇಳುತ್ತೇವೆ.

ಚೆಟ್ಟಳ್ಳಿಯು ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿದೆ. 1946ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾ ಉಪಕೇಂದ್ರವು ಅಲ್ಲಿರುವುದನ್ನು ವಾಚಕರು ಬಲ್ಲರು. ಸುತ್ತಲೂ ಕಾಫಿಯ ತೋಟ, ನೆರಳಿನ ಮರಗಳಿಗೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿ, ನಡುನಡುವೆ ಕಿತ್ತಳೆ. ಮನೆಗೂ ಮನೆಗೂ ಅಂತರ ಬಹಳ. ಸಂಜೆಯಾದರೆ ಆನೆಯ ಭಯ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ಹೋದರೆ ಅದು ಯಾವಾಗ ಬರುವುದೆಂದು ಹೇಳುವಂತಿಲ್ಲ. 2020ರ ಆಗಸ್ಟಿನಲ್ಲಿ ಬ್ರಹ್ಮಗಿರಿಯು ಜರಿದು ತಲಕಾವೇರಿಯ ಅರ್ಚಕರ ಮನೆಯು ಮಣ್ಣಿನಡಿ ಸೇರಿದ ಆ ಮಳೆಯ ದಿನಗಳನ್ನು ಕೊಡಗಿನವರು ಮರೆಯಲಾರರು. ಇಂತಹ ಸೀಮೆಯಲ್ಲಿ ಮೊಬೈಲಿನ ಮೂಲಕ ಪಾಠ ಹೇಳಬೇಕೆಂದು ನಾವು ಹೊರಟೆವು.

ಸೋಮವಾರಪೇಟೆ ಸೀಮೆಯ ಮುಳ್ಳೂರು ಸರ್ಕಾರಿ ಶಾಲೆಯ ಅಧ್ಯಾಪಕರಾದ ಸಿ. ಎಸ್. ಸತೀಶರು ನೆಟ್‌ವರ್ಕು ಸಿಕ್ಕಲೆಂದು ಮರದ ಮೇಲೆ ಬಿದಿರಿನ ಅಟ್ಟಣೆಯನ್ನು ಕಟ್ಟಿ, ಅಲ್ಲಿ ಕುಳಿತು ಪಾಠ ಹೇಳಿದ ಸಂಗತಿಯು ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನೋದಿ ನಾವು ಸಂತೋಷಪಟ್ಟೆವು. ಆದರೆ ಪಾಠ ಹೇಳುವವರಿಗೇ ಇಷ್ಟು ಕಷ್ಟವಾದರೆ ಕೇಳುವವಳ ಗತಿ ಏನೆಂಬುದನ್ನು ಸಕಾಲದಲ್ಲಿ ಆಲೋಚಿಸಲಿಲ್ಲ.

ನಮ್ಮ ತಪ್ಪು ಹೀಗಾಯಿತು. ಪ್ರತಿದಿನ ಬೆಳಗ್ಗೆ ಹತ್ತು ಗಂಟೆಗೆ ಮೊಬೈಲಿನಲ್ಲಿ ಹಾಜರಿ ಕರೆಯುತ್ತಿದ್ದೆವು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ಸತತವಾಗಿ ಹನ್ನೊಂದು ದಿನ ಉತ್ತರ ಕೊಡಲಿಲ್ಲ. ಅವಳ ಹೆಸರಿನ ಮುಂದೆ ‘ಶ್ರದ್ಧೆಯಿಲ್ಲ’ ಎಂದು ನಮ್ಮ ಕೈಯಿಂದಲೇ ಬರೆದೆವು. ಮಳೆ ಹಿಂದೆಗೆದ ಮೇಲೆ ಅಭ್ಯಾಸದ ಹಾಳೆಗಳನ್ನು ಹಂಚುವುದಕ್ಕಾಗಿ ಚೆಟ್ಟಳ್ಳಿಯ ಕಡೆಗೆ ಹೋದಾಗ ಅವಳ ಮನೆಯನ್ನು ಕಂಡೆವು. ತೋಟದ ಲೈನಿನಲ್ಲಿ ಒಂದೇ ಕೋಣೆ. ತಂದೆತಾಯಿಗಳು ಬೆಳಗ್ಗೆಯೇ ಕೆಲಸಕ್ಕೆ ಹೋಗುವರು. ಇದ್ದ ಒಂದು ಮೊಬೈಲು ತಂದೆಯ ಜೇಬಿನಲ್ಲಿ. ಅವರು ಬಂದ ಮೇಲೆ ಅದು ಮೊದಲು ತಮ್ಮನ ಪಾಠಕ್ಕೆ, ಆನಂತರ ಇವಳಿಗೆ. ಹಗಲೆಲ್ಲ ನೀರು ತರುವುದು, ಅಡಿಗೆ, ಒಂದೂವರೆ ವರ್ಷದ ಕೂಸಿನ ಪಾಲನೆ. ನಾವು ಹೋದಾಗಲೂ ಕೂಸು ಅವಳ ಸೊಂಟದಲ್ಲಿತ್ತು.

“ಪಾಠ ಎಲ್ಲ ಬಿಟ್ಟುಹೋಯಿತಲ್ಲ?” ಎಂದು ಕೇಳಿದೆವು.

“ಇಲ್ಲ ಟೀಚರ್, ಪಾಪು ಮಲಗಿದ ಮೇಲೆ ಬರೀತೇನೆ,” ಎಂದಳು.

ಪೆಟ್ಟಿಗೆಯ ಮೇಲಿಂದ ಪುಸ್ತಕವೊಂದನ್ನು ತಂದು ತೋರಿಸಿದಳು. ಹನ್ನೊಂದು ದಿನಗಳ ಪಾಠವೂ ಅದರಲ್ಲಿತ್ತು. ಪಕ್ಕದ ಲೈನಿನ ಗೆಳತಿಯ ಪುಸ್ತಕವನ್ನು ತಂದು ರಾತ್ರಿ ನಕಲು ಮಾಡಿದ್ದಳು. ಹಾಳೆಗಳು ಮುಗಿದುಹೋದುದರಿಂದ ಕೊನೆಯ ಎರಡು ಪಾಠಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಹೊಲಿದಿದ್ದಳು. ನಾವು ಶಾಲೆಗೆ ಹಿಂದಿರುಗಿ ಹಾಜರಿ ಪುಸ್ತಕದಲ್ಲಿ ಬರೆದಿದ್ದ ಆ ಮಾತನ್ನು ಹೊಡೆದುಹಾಕಿದೆವು. ಹೊಡೆದ ಗೆರೆಯು ಈಗಲೂ ಅಲ್ಲಿಯೇ ಇದೆ.

ಆ ದಿನ ನಮಗೆ ತಿಳಿದದ್ದು ಇಷ್ಟು: ಶಾಲೆಯು ಹೆಣ್ಣುಮಗುವಿಗೆ ಕೊಡುವ ಮೊದಲನೆಯ ವಸ್ತು ಆಕೆಯದೇ ಆದ ಹೊತ್ತು. ಗಂಟೆ ಬಾರಿಸಿದ ಮೇಲೆ ಆಕೆಯನ್ನು ನೀರಿಗೆ ಕಳುಹಿಸುವವರಿಲ್ಲ. ಕೂಸನ್ನು ಆಕೆಯ ಸೊಂಟಕ್ಕೆ ಏರಿಸುವವರಿಲ್ಲ. ಪುಸ್ತಕ, ಪಾಠ, ಪರೀಕ್ಷೆಗಳೆಲ್ಲ ಆ ಹೊತ್ತಿನ ಮೇಲೆ ನಿಂತಿವೆ. ಶಾಲೆ ಮುಚ್ಚಿದೊಡನೆ ಹೊತ್ತು ಮನೆಯ ಪಾಲಾಯಿತು. ತಂದೆತಾಯಿಗಳು ನಿರ್ದಯರಾಗಿದ್ದುದರಿಂದ ಹೀಗಾಯಿತೆಂದು ಹೇಳಲಾರೆವು. ಕೂಲಿ ತಪ್ಪಿದರೆ ಒಲೆ ಉರಿಯದ ಮನೆಯಲ್ಲಿ ಕೈಗೆ ಸಿಕ್ಕಿದ ಸಹಾಯವೆಂದರೆ ಮಗಳೇ. ದೊಡ್ಡ ಮನೆಗಳಲ್ಲಿಯೂ ಬೆಂಗಳೂರಿನಿಂದ ಬಂಧುಗಳು ಬಂದು ತುಂಬಿದಾಗ ಅಡಿಗೆಮನೆಗೆ ಹೋದವಳು ಮಗಳೇ ಹೊರತು ಮಗನಲ್ಲ.

ಆದರೂ ಹೊತ್ತನ್ನು ಹಿಂದಕ್ಕೆ ಕೊಟ್ಟವರನ್ನೂ ನಾವು ಕಂಡೆವು. ಅದೇ ಲೈನಿನ ಅಜ್ಜಿಯೊಬ್ಬರು, ತಾವು ಒಂದಕ್ಷರವನ್ನೂ ಅರಿಯದವರು, ದಿನವೂ ನಾಲ್ಕರಿಂದ ಐದರವರೆಗೆ ಆ ಕೂಸನ್ನು ತಮ್ಮ ಮಡಿಲಿಗೆ ತೆಗೆದುಕೊಳ್ಳತೊಡಗಿದರು. ಬೆಂಗಳೂರಿನ ಉದ್ಯೋಗವನ್ನು ತವರುಮನೆಯಿಂದಲೇ ಮಾಡುತ್ತಿದ್ದ ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ಅದೇ ಹೊತ್ತಿಗೆ ಮನೆಯ ಜಗಲಿಯಲ್ಲಿ ಐವರು ಹುಡುಗಿಯರನ್ನು ದೂರದೂರ ಕೂರಿಸಿ ಗಣಿತ ಹೇಳಿಕೊಟ್ಟಳು. ಸರ್ಕಾರವು ಆ ಆಗಸ್ಟಿನಲ್ಲಿ ಆರಂಭಿಸಿದ್ದ ವಿದ್ಯಾಗಮ ಕಾರ್ಯಕ್ರಮವೂ ಹೀಗೆಯೇ ಮಕ್ಕಳನ್ನು ಅವರವರ ವಠಾರದಲ್ಲಿ ಸಣ್ಣ ಗುಂಪುಗಳಾಗಿ ಕೂಡಿಸಿತ್ತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅಜ್ಜಿಯ ಮಡಿಲು ಮಾತ್ರ ನಿಲ್ಲಲಿಲ್ಲ.

ಎಲ್ಲ ಕಡೆಯೂ ಇಂತಹ ಆಸರೆ ದೊರೆಯಲಿಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತಿದ್ದರು. ಗಣಿತದಲ್ಲಿ ಹಾಗೆ ಮರೆತವರು ನೂರಕ್ಕೆ 82. ಕಲಿತದ್ದು ಬಳಸದಿದ್ದರೆ ತುಕ್ಕುಹಿಡಿಯುವುದೆಂಬ ಹಿರಿಯರ ಮಾತಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

2021ರ ಆಗಸ್ಟ್ 23ರಂದು ರಾಜ್ಯದ ಬಹುಪಾಲು ಜಿಲ್ಲೆಗಳಲ್ಲಿ ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ ಶಾಲೆ ತೆರೆಯಿತು. ಸೋಂಕು ಹೆಚ್ಚಾಗಿದ್ದ ಕೊಡಗು ಇನ್ನೂ ಕೆಲಕಾಲ ಕಾಯಬೇಕಾಯಿತು. ಕೊನೆಗೆ ಗಂಟೆ ಬಾರಿಸಿದ ದಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಾಠ ಬರೆದವಳು ಹತ್ತನೆಯ ತರಗತಿಯ ಮೊದಲನೆಯ ಬೆಂಚಿನಲ್ಲಿ ಕುಳಿತಳು. ಆದರೆ ಅವಳಿಗೆ ಪುಸ್ತಕ ಕೊಡುತ್ತಿದ್ದ ಪಕ್ಕದ ಲೈನಿನ ಗೆಳತಿಯು ಬರಲಿಲ್ಲ. ಆಕೆಯ ಮನೆಯವರು ಕೆಲಸವನ್ನರಸಿಕೊಂಡು ಬೇರೊಂದು ಸೀಮೆಗೆ ಹೊರಟುಹೋಗಿದ್ದರು. ಆಕೆಯ ವರ್ಗಾವಣೆ ಪತ್ರವನ್ನು ಬರೆದು ಸಿದ್ಧಪಡಿಸಿದೆವು. ಅದನ್ನು ಕೇಳಿ ಯಾವ ಶಾಲೆಯಿಂದಲೂ ಕಾಗದ ಬರಲಿಲ್ಲ. ಅದು ನಮ್ಮ ಕಚೇರಿಯ ಕಪಾಟಿನಲ್ಲಿಯೇ ಇದೆ. ವರ್ಷಾರಂಭದಲ್ಲಿ ಕಪಾಟು ತೆರೆದಾಗಲೆಲ್ಲ ಅದನ್ನು ಕೈಗೆತ್ತಿಕೊಂಡು ಮತ್ತೆ ಅಲ್ಲಿಯೇ ಇಡುತ್ತೇವೆ.

ಈ ಅನುಭವದಿಂದ ನಮ್ಮ ಶಾಲೆಯಲ್ಲಿ ಒಂದು ನಿಯಮ ಹುಟ್ಟಿತು. ಹುಡುಗಿಯೊಬ್ಬಳು ಮೂರು ದಿನ ಬಾರದಿದ್ದರೆ, ಕಾರಣವನ್ನು ಬರೆಯುವ ಮುಂಚೆ ನಮ್ಮಲ್ಲೊಬ್ಬರು ಆಕೆಯ ಮನೆಗೆ ಹೋಗಿಬರಬೇಕು.

ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೆ: ಕಾಫಿ ಕುಯ್ಯುವ ಕಾಲವಿರಲಿ, ಹಬ್ಬವಿರಲಿ, ಮನೆಯಲ್ಲಿ ಕಾಯಿಲೆಯಿರಲಿ, ದಿನಕ್ಕೊಂದು ಗಂಟೆಯನ್ನು ಮಗಳದೆಂದು ಗೊತ್ತುಮಾಡಿರಿ. ಆ ಗಂಟೆಯಲ್ಲಿ ಆಕೆಯನ್ನು ಯಾವ ಕೆಲಸಕ್ಕೂ ಕರೆಯಬೇಡಿರಿ. ಆಗ ಬೀಳುವ ಕೆಲಸವು ಮಗನ ಪಾಲಿಗೂ ಬರಲಿ. ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ ಮನೆಯ ಜಗಲಿಯು ಸಂಜೆ ಬರಿದಾಗಿದ್ದರೆ ನೆರೆಯ ಹುಡುಗಿಯರಿಗೆ ಅದನ್ನು ಬಿಟ್ಟುಕೊಡಿರಿ. ಕಪಾಟಿನಲ್ಲಿರುವ ಆ ಪತ್ರದ ಒಡತಿಯಂತಹವಳು ನಿಮ್ಮೂರಿನಲ್ಲಿ ಕಂಡರೆ, ಸಮೀಪದ ಶಾಲೆಗೆ ಕರೆದುಕೊಂಡು ಹೋಗಿ ಸೇರಿಸಿರಿ. ಪತ್ರವನ್ನು ಕಳುಹಿಸಿಕೊಡಲು ನಾವು ಸಿದ್ಧರಿದ್ದೇವೆ.